ಗೋವಾ ಒಪ್ಪಂದ: ಪ್ರಜೆಯ ಹಕ್ಕು, ಸರಕಾರದ ಮರ್ಜಿ

ಖಾನಾಪುರ ತಾಲೂಕಿನ ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಲೋಂಡಾದಿಂದ ಹೊರಟ ರೈಲು ಕ್ಯಾಸಲ್‌ರಾಕ್ ಮೂಲಕ ಸೇರುವುದೂ ಅಲ್ಲಿಗೇ. ಇಂದು ಇದು ಎರಡು ರಾಜ್ಯಗಳ ನಡುವಿನ ಹಾದಿ. ಆದರೆ 1961ರ ಡಿಸೆಂಬರ್‌ವರೆಗೆ ಈ ಘಟ್ಟದ ಆಚೆ ಇದ್ದುದು ಪೋರ್ಚುಗಲ್ ಸರಕಾರ. ಅದನ್ನು ಕೊನೆಗಾಣಿಸಿದ ಸೇನಾ ಕಾರ್ಯಾಚರಣೆಗೆ ಪಡೆಗಳು ಜಮಾವಣೆಗೊಂಡದ್ದು ಬೆಳಗಾವಿಯಲ್ಲಿ.

ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. ಆದರೆ ಭೂಮಿ ಕೈಗೆ ಬಂದಷ್ಟು ಸುಲಭವಾಗಿ ಜನರ ಲೆಕ್ಕ ಚುಕ್ತಾ ಆಗಲಿಲ್ಲ. ಅಲ್ಲಿ ನೋಟು ಮುದ್ರಿಸುವ ಅಧಿಕಾರ ಹೊಂದಿದ್ದ ಬ್ಯಾಂಕೊ ನ್ಯಾಸಿಯೊನಾಲ್ ಉಲ್ಟ್ರಾಮರಿನೊದಲ್ಲಿ ಜನ ಒತ್ತೆಯಿಟ್ಟಿದ್ದ ಚಿನ್ನಾಭರಣಗಳನ್ನು ಲಿಸ್ಬನ್‌ಗೆ ಸಾಗಿಸಲಾಗಿತ್ತು. ಬಳೆ, ಸರ, ಓಲೆಗಳ ಒಡೆಯರು ಭಾರತದ ಪ್ರಜೆಗಳಾದರು. ಒಡವೆಗಳು ಮಾತ್ರ ಪರದೇಶದ ತಿಜೋರಿಯಲ್ಲಿ ಉಳಿದವು.

1974ರ ಒಪ್ಪಂದ

ಪೋರ್ಚುಗಲ್‌ನಲ್ಲಿ 1974ರ ಏಪ್ರಿಲ್‌ನಲ್ಲಿ ಸರ್ವಾಧಿಕಾರ ಅಂತ್ಯಗೊಂಡ ಬಳಿಕವಷ್ಟೇ ಮಾತುಕತೆಯ ಬಾಗಿಲು ತೆರೆಯಿತು. ಅದೇ ವರ್ಷದ ಡಿಸೆಂಬರ್ 31ರಂದು ವಿದೇಶಾಂಗ ಸಚಿವರಾದ ಯಶವಂತರಾವ್ ಚವಾಣ್ ಮತ್ತು ಮಾರಿಯೊ ಸೊವಾರಿಸ್ ನವದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾ, ದಮನ್, ದಿಯು, ದಾದ್ರಾ ಮತ್ತು ನಗರ ಹವೇಲಿಗಳ ಮೇಲೆ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಮಾನ್ಯ ಮಾಡಿತು.

ಉಭಯ ದೇಶಗಳ ಪ್ರಜೆಗಳ ಆಸ್ತಿ ಮತ್ತು ಹಕ್ಕು ಬೇಡಿಕೆಗಳ ಪ್ರಸ್ತಾಪವೂ ಅದರಲ್ಲಿತ್ತು. ಯಾವುದೇ ಸರಕಾರ ತನ್ನ ಪ್ರಜೆಯ ಪರವಾಗಿ ಎತ್ತಿಕೊಳ್ಳಲು ಬಯಸುವ ಬೇಡಿಕೆಗಳನ್ನು ದ್ವಿಪಕ್ಷೀಯ ಮಾತುಕತೆಯಿಂದ ಬಗೆಹರಿಸಿಕೊಳ್ಳಬೇಕು ಎಂಬುದು ಅದರ ತಿರುಳು. ‘ಬಯಸುವ’ ಎಂಬ ಪದವೇ ಇಲ್ಲಿ ನಿರ್ಣಾಯಕ. ಪ್ರಜೆಗೆ ನಷ್ಟವಾಗಿದೆ ಎಂದಷ್ಟೇ ಸಾಲದು. ಆ ನಷ್ಟವನ್ನು ತನ್ನದೆಂದು ಎತ್ತಿಕೊಳ್ಳಲು ಸರಕಾರ ಒಪ್ಪಬೇಕು. ಒಮ್ಮೆ ಎತ್ತಿಕೊಂಡರೆ ಅದು ಪ್ರಜೆಯ ವ್ಯಾಜ್ಯವಾಗಿ ಉಳಿಯದೆ ರಾಷ್ಟ್ರದ ವ್ಯಾಜ್ಯವಾಗುತ್ತದೆ. ಅಂತಾರಾಷ್ಟ್ರೀಯ ನ್ಯಾಯಾಲಯಗಳು 1924ರಿಂದಲೂ ಎತ್ತಿಹಿಡಿದಿರುವ ತತ್ವವಿದು.

ಪರಿಣಾಮ ಕಣ್ಣೆದುರಿಗಿದೆ. ಒಡವೆಗಳು ಭಾರತಕ್ಕೆ ಮರಳಿದ್ದು 1991ರಲ್ಲಿ. ಅಂದರೆ ವಿಮೋಚನೆಯಾಗಿ ಮೂವತ್ತು ವರ್ಷ, ಒಪ್ಪಂದವಾಗಿ ಹದಿನಾರು ವರ್ಷ ಕಳೆದ ಮೇಲೆ. ಒತ್ತೆಯಿಟ್ಟ ತಾಯಿಯ ಕಾಲ ಮುಗಿದಿದ್ದರೆ, ಹಳೆಯ ರಸೀದಿ ಹಿಡಿದು ನಿಲ್ಲಬೇಕಾದವರು ಮಕ್ಕಳು ಅಥವಾ ಮೊಮ್ಮಕ್ಕಳು. ರಸೀದಿ ಕಳೆದುಕೊಂಡವರಿಗೆ ಒಪ್ಪಂದವಿದ್ದೂ ಇಲ್ಲದಂತೆ.

ಕುವೈತ್‌ನ ಪಾಠ

ಇದಕ್ಕೆ ಹೋಲಿಸಿದರೆ ಕುವೈತ್ ಪ್ರಕರಣ ಭಿನ್ನ. 1990ರ ಇರಾಕ್ ಆಕ್ರಮಣದಿಂದ ನೆಲೆ ಕಳೆದುಕೊಂಡವರಿಗಾಗಿ ವಿಶ್ವಸಂಸ್ಥೆ 1991ರಲ್ಲಿ ಪರಿಹಾರ ಆಯೋಗ ರಚಿಸಿತು. ಅಲ್ಲಿಯೂ ಅರ್ಜಿಗಳು ಸರಕಾರದ ಮೂಲಕವೇ ಹೋದವು. ಆದರೆ ನಮೂನೆ ನಿಗದಿಯಾಗಿತ್ತು, ಕೊನೆಯ ದಿನಾಂಕವಿತ್ತು. ದೇಶ ತೊರೆಯಬೇಕಾದ ವ್ಯಕ್ತಿಗೆ 2,500 ಅಥವಾ 4,000 ಡಾಲರ್ ಎಂಬ ಸರಳ ಲೆಕ್ಕವಿತ್ತು. ಇರಾಕ್‌ನ ತೈಲ ಆದಾಯದ ಪಾಲೇ ಪರಿಹಾರದ ಮೂಲವಾಯಿತು. 2022ರ ವೇಳೆಗೆ ಒಟ್ಟು 5,240 ಕೋಟಿ ಡಾಲರ್ ಪಾವತಿಯಾಯಿತು. 1974ರ ಒಪ್ಪಂದದಲ್ಲಿ ಇದ್ದುದು ಮಾತುಕತೆಯ ಭರವಸೆ. ಭರವಸೆಗೂ ವ್ಯವಸ್ಥೆಗೂ ಇರುವ ಅಂತರವೇ ಆ ಮೂವತ್ತು ವರ್ಷ.

ಗಡಿಯ ಕುಟುಂಬಗಳು ಗಮನಿಸಬೇಕಾದದ್ದು

ಗೋವಾ ಮೂಲದ ಕುಟುಂಬಗಳು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಗೋವಾದಲ್ಲಿರುವ ಮನೆ, ಜಮೀನಿನ ವಾರಸುದಾರಿಕೆಗೆ ಲಿಸ್ಬನ್‌ನತ್ತ ನೋಡಬೇಕಿಲ್ಲ. ಅದು ನಮ್ಮ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದ್ದು. ಒಪ್ಪಂದದ ಪ್ರಶ್ನೆ ಏಳುವುದು ಪರದೇಶದ ಸರಕಾರದಿಂದ ಬರಬೇಕಾದ ಬಾಕಿಯ ವಿಷಯದಲ್ಲಿ ಮಾತ್ರ.

ಎರಡನೆಯದು ಪೌರತ್ವ. ವಿಮೋಚನೆಗೆ ಮುನ್ನ ಗೋವಾದಲ್ಲಿ ಜನಿಸಿದವರು ಹಾಗೂ ಅವರ ಸಂತತಿಗೆ ಪೋರ್ಚುಗಲ್ ಪೌರತ್ವದ ಅವಕಾಶ ನೀಡಿದ್ದರಿಂದ ಅನೇಕರು ಯುರೋಪಿನ ದಾರಿ ಹಿಡಿದಿದ್ದಾರೆ. ಆದರೆ ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವರು 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತೀಯರಾಗಿ ಉಳಿಯುವುದಿಲ್ಲ. ತನ್ನ ಪ್ರಜೆಯಲ್ಲದವರ ಬೇಡಿಕೆಯನ್ನು ಸರಕಾರ ಸಾಮಾನ್ಯವಾಗಿ ಎತ್ತಿಕೊಳ್ಳುವಂತಿಲ್ಲ. ಪಾಸ್‌ಪೋರ್ಟ್ ಬದಲಾದರೆ ಬೆನ್ನಿಗಿರುವ ಸರಕಾರವೂ ಬದಲಾಗುತ್ತದೆ ಎಂಬುದನ್ನು ಮರೆಯಲಾಗದು.

ಲಕ್ಷಾಂತರ ಭಾರತೀಯರು ಇಂದು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಮುಂದೊಂದು ದಿನ ಅವರ ಬಾಕಿ ವೇತನ, ಠೇವಣಿಗಳ ಪ್ರಶ್ನೆ ಎದುರಾದಾಗ ‘ಮಾತುಕತೆಯ ಮೂಲಕ’ ಎಂಬ ಮಾತಿಗೆ ನಮ್ಮ ಸರಕಾರ ತೃಪ್ತಿಪಡಬಾರದು. ಯಾರು ಅರ್ಜಿ ಸಲ್ಲಿಸಬೇಕು, ಯಾವ ದಾಖಲೆ ಬೇಕು, ಎಷ್ಟು ಕಾಲದಲ್ಲಿ ಇತ್ಯರ್ಥವಾಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಒಪ್ಪಂದದಲ್ಲೇ ಉತ್ತರವಿರಬೇಕು. ಇಲ್ಲದಿದ್ದರೆ ನಕ್ಷೆಯ ಮೇಲಿನ ಗಡಿ ಒಂದೇ ದಿನದಲ್ಲಿ ಅಳಿಸಿಹೋದರೂ, ಪ್ರಜೆಯ ಪಾಲಿಗೆ ಅದು ಒಂದು ತಲೆಮಾರಿನವರೆಗೆ ಉಳಿದೇ ಇರುತ್ತದೆ.