ಜಾತಿಯ ಫೋಟೋ ಇದೆ, ತಾತನ ಫೋಟೋ ಇಲ್ಲ

ನನ್ನ ತಾತನದು ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಮಧುರೆ ಸುತ್ತಿನ ಹೊಲಗಳಲ್ಲಿ ಜೀವಮಾನವೆಲ್ಲ ಗೇದು ಸತ್ತವನು. ಊರ ಕುಳವಾಡಿ. ಬಾಂದು ಕಲ್ಲು ಎಲ್ಲಿದೆ, ಯಾವ ಬದುವನ್ನು ಯಾರು ಒತ್ತರಿಸಿದರು, ಕೆರೆ ಅಂಗಳ ಎಲ್ಲಿಗೆ ಮುಗೀತದೆ, ಎಲ್ಲ ಅವನ ಬಾಯಲ್ಲಿತ್ತು. ತಿಥಿಗೆ ಇಡೋಣ ಅಂತ ಫೋಟೋ ಹುಡುಕಿದರೆ ಸಿಗಲಿಲ್ಲ. ನಮ್ಮವ್ವ ಒಂದು ಚೆಂಬು ಇಟ್ಟು ಅದಕ್ಕೇ ಹೂ ಮುಡಿಸಿದಳು. "ಇರ್ಲಿ ಬಿಡಪ್ಪ, ನಿಮ್ ತಾತುಂಗೆ ಇದೇ ಮಕ" ಅಂದಳು.

ಆಮೇಲೆ ಬೆಂಗಳೂರಿನಲ್ಲಿ ಓದುವಾಗ ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ತೆಗೆದೆ. ಅದರಲ್ಲಿ ನಮ್ಮ ಜಾತಿ ಇತ್ತು. ನಮ್ಮ ಮದುವೆ, ನಮ್ಮ ಸಾವು, ನಮ್ಮ ದೇವರು, ನಾವು ತಿನ್ನೋದು, ಎಲ್ಲ ಇತ್ತು. ಫೋಟೋಗಳೂ ಇದ್ದವು. ಫೋಟೋ ಕೆಳಗೆ ಜಾತಿಯ ಹೆಸರಿತ್ತು. ಮನುಷ್ಯನ ಹೆಸರಿರಲಿಲ್ಲ.

ಸಂಗಾತಿಗಳೇ, ಜಾತಿಗೆ ಮುಖ ಇದ್ದು ಮನುಷ್ಯನಿಗೆ ಮುಖ ಇಲ್ಲದೆ ಹೋದದ್ದು ಹೇಗೆ? ಇದನ್ನು ಕೇಳದೆ ನಮಗೆ ನಿದ್ದೆ ಬರಬಾರದು.

ಈ ವಿದ್ಯೆಯ ಬೆತ್ತಲೆ ರೂಪ ನೋಡಬೇಕಾದರೆ ಅಂಡಮಾನಿಗೆ ಹೋಗಬೇಕು. ಬ್ರಿಟಿಷರು 1858ರಲ್ಲಿ ಅಲ್ಲಿ ಕೈದಿಗಳ ವಸಾಹತು ಹೂಡಿದರು. ಪೋರ್ಟ್‌ಮನ್ ಅನ್ನೋ ಅಧಿಕಾರಿಗೆ ಅಂಡಮಾನಿಗರನ್ನು ನೋಡಿಕೊಳ್ಳುವ ಕೆಲಸ. ಇವನು 1890ರ ದಶಕದಲ್ಲಿ ಅವರ ಫೋಟೋ ತೆಗೆದು ಸಂಪುಟ ಸಂಪುಟವಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳಿಸಿದ. ಹಿಂದೆ ಚೌಕಳಿ ಹಲಗೆ, ಒಂದೊಂದು ಚೌಕ ಎರಡೆರಡು ಅಂಗುಲ. ಅದರ ಮುಂದೆ ಬೆತ್ತಲೆ ಮನುಷ್ಯ. ಎದುರಿನಿಂದ ಒಂದು, ಪಕ್ಕದಿಂದ ಒಂದು. ಚೌಕ ಎಣಿಸಿದರೆ ಮೈಯ ಅಳತೆ ಸಿಕ್ಕಿತು. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ? ಎತ್ತಿನ ವ್ಯಾಪಾರಿ ಅದನ್ನು ವಿಜ್ಞಾನ ಅನ್ನೋದಿಲ್ಲ, ಅಷ್ಟೇ.

ಇದೇ ಪೋರ್ಟ್‌ಮನ್ 1880ರಲ್ಲಿ ಸೆಂಟಿನೆಲ್ ದ್ವೀಪದಿಂದ ಮುದಿ ದಂಪತಿಯನ್ನೂ ನಾಲ್ಕು ಮಕ್ಕಳನ್ನೂ ಹಿಡಿದು ಪೋರ್ಟ್‌ಬ್ಲೇರಿಗೆ ತಂದಿದ್ದ. ಮುದುಕರಿಬ್ಬರೂ ಕಾಯಿಲೆಯಿಂದ ಸತ್ತರು. ಮಕ್ಕಳ ಕೈಗೆ ಒಂದಿಷ್ಟು ಸಾಮಾನು ಕೊಟ್ಟು ವಾಪಸ್ ಬಿಟ್ಟುಬಂದ. 1877ರಲ್ಲಿ ದಡಾರ ಬಂದು ದ್ವೀಪಗಳ ಜನ ಗುಂಪು ಗುಂಪಾಗಿ ಸತ್ತಿದ್ದರು. ಸಾವಿರಾರು ಇದ್ದ ಗ್ರೇಟ್ ಅಂಡಮಾನಿಗರು 1901ರ ಗಣತಿಗೆ 625, 1961ರ ಗಣತಿಗೆ 19. ಜನ ಕರಗಿದರು, ಫೋಟೋ ಉಳಿದವು. ಫೋಟೋದಲ್ಲಿ ರೋಗ ಕಾಣಿಸೋದಿಲ್ಲ. ರೋಗ ತಂದವನಂತೂ ಕಾಣಿಸೋದೇ ಇಲ್ಲ, ಅವನು ಕ್ಯಾಮೆರಾ ಹಿಂದೆ ನಿಂತವನು.

ನಮ್ಮ ಕಡೆಗೆ ಬನ್ನಿ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದಕ್ಷಿಣದ ಜಾತಿ ಬುಡಕಟ್ಟುಗಳ ಮೇಲೆ 1909ರಲ್ಲಿ ಏಳು ಸಂಪುಟ ತಂದ. ಮೂಗಿನ ಅಗಲ, ತಲೆಯ ಉದ್ದ ಅಳೆಯುತ್ತ ಊರೂರು ಅಲೆದ. ನೀಲಗಿರಿಯ ಒಬ್ಬ ಇರುಳಿಗ ಎತ್ತರ ಅಳೆಯುವ ಕಂಬ ನೋಡಿ ಇದು ಗಲ್ಲುಗಂಬ ಅಂತ ಹತ್ತಿರ ಬರಲಿಲ್ಲವಂತೆ. ವೈನಾಡಿನ ಪಣಿಯ ಹೆಂಗಸರು, ನಮ್ಮಲ್ಲಿ ಚೆನ್ನಾಗಿರೋರನ್ನ ಆರಿಸಿ ಹೊಟ್ಟೇಲಿ ಹುಲ್ಲು ತುಂಬಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸ್ತಾನೆ ಅಂತ ಹೆದರಿದರಂತೆ. ಥರ್ಸ್ಟನ್ ಇದನ್ನು ತಮಾಷೆ ಅಂತ ಬರೆದುಕೊಂಡಿದ್ದಾನೆ. ತಮಾಷೆ ಏನು ಬಂತು ಸ್ವಾಮಿ? ಆ ಹೆಂಗಸರು ಅವನನ್ನು ಸರಿಯಾಗೇ ಅರ್ಥ ಮಾಡಿಕೊಂಡಿದ್ದರು. ಹುಲ್ಲು ತುಂಬಲಿಲ್ಲ, ಪುಸ್ತಕದಲ್ಲಿ ತುಂಬಿದ.

ಬಿಳಿಯರನ್ನು ಬೈದು ಕೈ ತೊಳೆದುಕೊಳ್ಳೋ ಹಾಗಿಲ್ಲ. ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಮಾಡಿದವರು ನಮ್ಮವರೇ. ಎಚ್.ವಿ. ನಂಜುಂಡಯ್ಯನವರು ಶುರು ಮಾಡಿದರು, ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದರು. 1928ರಿಂದ ಮೈಸೂರು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟ ಅಚ್ಚು ಹಾಕಿತು. ಅಳೆದವರು ಅಗ್ರಹಾರದವರು, ಅಳತೆಗೆ ನಿಂತವರು ಕೇರಿಯವರು. ನಂಜುಂಡಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು. ಅದೇ ಪರಿಷತ್ತು 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಲಿಲ್ಲ. ನಮ್ಮ ಬಗ್ಗೆ ಬರೆಯಲು ನಾಲ್ಕು ಸಂಪುಟ ಬೇಕಾಯಿತು, ನಾವು ಮಾತಾಡಲು ಒಂದು ತಾಸು ಸಿಗಲಿಲ್ಲ!

ಕುಳವಾಡಿಯ ಮಾತು ನೋಡಿ. ಮೆಕೆಂಝಿ ಎಂಬ ಅಧಿಕಾರಿ 1873ರಲ್ಲಿ ಬರೆದಿದ್ದಾನೆ. ಎರಡೂರ ನಡುವೆ ಗಡಿ ಜಗಳ ಬಂದರೆ ಹೊಲೆಯರ ಕುಳವಾಡಿ ಊರ ಮಣ್ಣಿನ ಉಂಡೆ ತಲೆ ಮೇಲೆ ಹೊತ್ತು ಗಡಿಗುಂಟ ನಡೆಯಬೇಕು. ತಪ್ಪಿ ನಡೆದರೆ ಉಂಡೆ ಒಡೀತದೆ, ಹದಿನೈದು ದಿನದಲ್ಲಿ ಅವನು ಸಾಯ್ತಾನೆ ಅನ್ನೋ ನಂಬಿಕೆ. ಥರ್ಸ್ಟನ್ ಇದನ್ನು ತನ್ನ ಪುಸ್ತಕಕ್ಕೂ ಇಳಿಸಿಕೊಂಡ. ಎಂಥ ವಿಚಿತ್ರ ಪದ್ಧತಿ ಅಂತ ಓದುವವರು ಬಾಯಿ ಚಪ್ಪರಿಸಿದರು. ಆ ಮಣ್ಣಿನಲ್ಲಿ ಅವನಿಗೆಷ್ಟು ಪಾಲು ಅಂತ ಕೇಳಿದವರೆಷ್ಟು ಜನ? ಜೀವ ಪಣ ಇಟ್ಟು ಗಡಿ ತೋರಿಸಿದವನು ಅವನು, ಗಡಿಯೊಳಗಿನ ಹೊಲ ಇನ್ನೊಬ್ಬರದು. ಇಂದು ಅವನ ಮೊಮ್ಮಗ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹಿಡಿದು, ಕೈತಪ್ಪಿದ ತುಂಡು ಜಮೀನಿಗಾಗಿ ಉಪವಿಭಾಗಾಧಿಕಾರಿ ಕಚೇರಿಗೆ ಅಲೀತಾನೆ. ದಾಖಲೆ ತಾ ಅಂತಾರೆ. ತಲೆ ಅಳತೆಯ ದಾಖಲೆ ಉಂಟು, ಪಹಣಿಯಲ್ಲಿ ಹೆಸರಿಲ್ಲ!

ಇದಕ್ಕೆ ಉತ್ತರ ಬಾಬಾಸಾಹೇಬರು ಕೊಟ್ಟಿದ್ದಾರೆ. ಮೂಗು ಅಗಲವಾದಷ್ಟೂ ಜಾತಿ ಕೀಳು ಅಂತ ರಿಸ್ಲಿ ಸಾರಿದ್ದ. ಅಂಬೇಡ್ಕರ್ ಆ ಅಳತೆಗಳನ್ನು ಸುಡಲಿಲ್ಲ. 1948ರ ತಮ್ಮ ಅಸ್ಪೃಶ್ಯರ ಪುಸ್ತಕದಲ್ಲಿ ಅವೇ ಅಂಕಿಗಳನ್ನು ಮುಂದಿಟ್ಟು, ಬ್ರಾಹ್ಮಣನ ಮೂಗೂ ಅಸ್ಪೃಶ್ಯನ ಮೂಗೂ ಒಂದೇ ಕುಲದ್ದು, ಅಸ್ಪೃಶ್ಯತೆ ರಕ್ತದಿಂದ ಹುಟ್ಟಿದ್ದಲ್ಲ ಅಂತ ತೋರಿಸಿದರು. ಅವರ ಅಳತೆಗೋಲಿನಿಂದಲೇ ಅವರಿಗೆ ಏಟು. ನಮ್ಮ ಕೇರಿಯ ಗೋಡೆಗಳಲ್ಲಿರೋ ಫೋಟೋ ಯಾವುದು ನೋಡಿ. ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ. ಯಾರೂ ಅಳೆಯಲು ನಿಲ್ಲಿಸಿದ ಮೈಯಲ್ಲ ಅದು. ನಮ್ಮ ಜನ ತಾವಾಗಿ ಆರಿಸಿಕೊಂಡ ಮುಖ.

2010ರಲ್ಲಿ ಸವಣೂರಿನ ಭಂಗಿಗಳು ಪುರಸಭೆ ಮುಂದೆ ಮಲ ಸುರಿದುಕೊಂಡು ನಿಂತರು. ಆ ಚಿತ್ರ ನೋಡಿ ನಾಡು ಬೆಚ್ಚಿತು. ಅಲ್ಲಿ ಅವರನ್ನು ಯಾರೂ ನಿಲ್ಲಿಸಿರಲಿಲ್ಲ, ಅವರೇ ನಿಂತಿದ್ದರು. ಫೋಟೋ ನಮಗೆ ಶತ್ರು ಅಲ್ಲ. ನಿಲ್ಲಿಸುವವನು ಯಾರು ಅನ್ನೋದೇ ಪ್ರಶ್ನೆ.

ಇದು ಹಳೇ ಕತೆ ಅನ್ನಬೇಡಿ. ಕಳೆದ ಶ್ರಾವಣದ ಶನಿವಾರ ಮಧುರೆಯ ಶನಿಮಹಾತ್ಮನ ಗುಡಿ ಕಡೆ ಜನವೋ ಜನ. ದೊಡ್ಡ ಕ್ಯಾಮೆರಾ ಹಿಡಿದು ಬಂದ ಒಬ್ಬರು ನಮ್ಮ ಕೇರಿಯ ತಮಟೆಯ ಅಜ್ಜನಿಗೆ, "ಯಜಮಾನ್ರೇ, ಅಂಗಿ ಬಿಚ್ಚಿ ಹೊಡೀರಿ, ಚೆನ್ನಾಗಿ ಬರ್ತದೆ" ಅಂದರು. ಅಜ್ಜ, "ಯಾಕ್ ಸ್ವಾಮಿ, ಅಂಗಿ ಹೊಸದು, ಮಗಳು ತಂದವ್ಳೆ" ಅಂದ. ಅವರು ಹೆಸರೂ ಕೇಳದೆ ಹೋದರು.

ಆ ದಪ್ಪ ಪುಸ್ತಕಗಳಿಲ್ಲದಿದ್ದರೆ ನಿಮ್ಮ ಚರಿತ್ರೆ ಎಲ್ಲಿರ್ತಿತ್ತು ಅಂತ ಕೇಳುವ ಪಂಡಿತರಿದ್ದಾರೆ. ಪುಸ್ತಕ ಇರಲಿ, ಸುಡೋದು ನಮ್ಮ ಕೆಲಸವಲ್ಲ. ನಮ್ಮ ಕೈಯಿಂದಲೂ ಬರೆಯೋಣ. ಊರಿನ ಮೇಷ್ಟ್ರುಗಳೇ, ಭಾನುವಾರ ಮಕ್ಕಳನ್ನು ಕರೆದುಕೊಂಡು ಕೇರಿಗೆ ಬನ್ನಿ. ಅಜ್ಜ ಅಜ್ಜಿಯರ ಫೋಟೋ ತೆಗೆಸಿ, ಅವರು ಹೇಗೆ ಬೇಕಂದರೆ ಹಾಗೆ. ಕೆಳಗೆ ಬರೆಯಿರಿ: ಹೆಸರು, ತಂದೆತಾಯಿ ಹೆಸರು, ಗೇದ ಹೊಲ, ಹೊಲದ ಒಡೆಯ, ಸಿಕ್ಕ ಕೂಲಿ. ಒಂದು ಪ್ರತಿ ಆ ಮನೆಗೆ ಕೊಡಿ. ವಿದ್ಯಾರ್ಥಿ ಗೆಳೆಯರೇ, ಲೈಬ್ರರಿಯ ಆ ಸಂಪುಟಗಳನ್ನು ತೆಗೆದು ಓದಿ. ನಮ್ಮ ನೆಲದ ಹಕ್ಕಿಗೆ ಅದರಲ್ಲಿ ಸಾಕ್ಷಿ ಇದ್ದರೆ ಕಚೇರಿಗೆ ಹಿಡಿದುಕೊಂಡು ಹೋಗಿ.

ತಮಟೆಯ ಅಜ್ಜನ ಫೋಟೋವನ್ನು ಕೇರಿಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದಿದ್ದಾಳೆ, ಹೊಸ ಅಂಗಿ ಹಾಕಿಕೊಂಡೇ. ಕೆಳಗೆ ಅವನ ಹೆಸರು ಬರೆದು ಅವನ ಮನೆಗೋಡೆಗೆ ಹಾಕಿದ್ದೇವೆ. ನನ್ನ ತಾತನಿಗೆ ಆ ಕಾಲ ಮೀರಿತು. ಅವನ ಹೆಸರು ಪಹಣಿಗೆ ಹತ್ತಬೇಕಾದ ಕಾಲ ಇನ್ನೂ ಮೀರಿಲ್ಲ.