ಬೀಳುವ ಪಾಠ

ಕಳೆದ ಸಂಚಿಕೆಯಲ್ಲಿ ಈ ಅಂಕಣವು ಏಕೆ ಕಾಣಿಸಲಿಲ್ಲವೆಂದು ಕೆಲವು ವಾಚಕರು ಪತ್ರಮುಖೇನ ವಿಚಾರಿಸಿದ್ದಾರೆ. ಮಾಸ್ತರರಿಗೆ ಸೌಖ್ಯವಿಲ್ಲವೇ ಎಂದು ಒಬ್ಬರು, ಬರೆಯುವ ವಿಷಯವೇ ಮುಗಿಯಿತೇ ಎಂದು ಇನ್ನೊಬ್ಬರು. ಇವೆರಡೂ ಅಲ್ಲ. ಲೇಖನವನ್ನು ಕಳುಹಿಸಬೇಕಾಗಿದ್ದ ದಿನ ನಾನು ಕಾಶ್ಮೀರದ ಗುಲ್ಮಾರ್ಗಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ, ಹಿಮದ ಮೇಲೆ ಅಂಗಾತನಾಗಿ ಬಿದ್ದುಕೊಂಡಿದ್ದೆ. ಎದ್ದು ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಉದ್ಯೋಗ ಸಿಕ್ಕಿದ ಮೊದಲ ವರ್ಷದ ಉಳಿತಾಯದಿಂದ ತಂದೆತಾಯಿಯರಿಗೆ ಹಿಮವನ್ನು ತೋರಿಸಬೇಕೆಂಬುದು ಅವಳ ಆಸೆ. ‘ನೋಡುವುದು ಮಾತ್ರವಲ್ಲ ಅಪ್ಪ, ಸ್ಕೀ ಕಲಿಯುವುದೂ ಉಂಟು’ ಎಂದಳು. ಸ್ಕೀ ಎಂದರೆ ಎರಡು ಉದ್ದನೆಯ, ಕಿರಿದಾದ ಹಲಗೆಗಳನ್ನು ಪಾದಗಳಿಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಕ್ರೀಡೆ. ನಮ್ಮ ಊರಿನಲ್ಲಿ ಅಡಿಕೆಯ ಹಾಳೆಯ ಮೇಲೆ ಒಬ್ಬನನ್ನು ಕುಳ್ಳಿರಿಸಿ ಇನ್ನೊಬ್ಬನು ಎಳೆಯುವ ಆಟವನ್ನು ಆಡದ ಮಕ್ಕಳಿಲ್ಲ. ಅದೇ ನನ್ನ ಪೂರ್ವಾನುಭವ. ಐವತ್ತೈದು ದಾಟಿದ ಮೇಲೆ ಇದು ಸಲ್ಲದೆಂದು ನನ್ನಾಕೆ ಹೇಳಿದಳು. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಆದರೆ ಮಗಳ ಮುಖ ನೋಡಿ ಅರ್ಧ ತಿಂಗಳ ರಜೆಗೆ ಅರ್ಜಿ ಬರೆದೆ.

ವಿಮಾನದಲ್ಲಿ ಹೋಗಬಹುದಿತ್ತು. ಆದರೆ ನಮ್ಮ ಕಾಸರಗೋಡಿನ ಮಾರ್ಗವಾಗಿಯೇ ಮಂಗಳೂರಿನಿಂದ ಕಟ್ರಾಕ್ಕೆ ವಾರಕ್ಕೊಮ್ಮೆ ನವಯುಗ ಎಕ್ಸ್‌ಪ್ರೆಸ್ ಹೋಗುತ್ತಿರುವಾಗ ನೆಲವನ್ನು ನೋಡದೆ ಹಾರುವುದು ನನಗೆ ಒಗ್ಗಲಿಲ್ಲ. ಮೂರು ರಾತ್ರಿಗಳ ಪ್ರಯಾಣ. ಅವಲಕ್ಕಿ, ಚಟ್ನಿಪುಡಿ, ಹಪ್ಪಳಗಳ ಗಂಟು ಜತೆಗಿತ್ತು. ಮೊದಲ ದಿನ ಕಿಟಕಿಯನ್ನು ತೆರೆದೇ ಇಟ್ಟಿದ್ದೆವು. ಮಧ್ಯಭಾರತವನ್ನು ದಾಟಿದ ಮೇಲೆ ಅರ್ಧ ಇಳಿಸಿದೆವು. ಪಂಜಾಬಿನ ಹಸುರು ಗೋಧಿ ಹೊಲಗಳ ನಡುವೆ ಸಾಗುವಾಗ ಪೂರ್ತಿ ಮುಚ್ಚಿ ಕಂಬಳಿ ಹೊದ್ದುಕೊಂಡೆವು. ಭೂಗೋಳದ ಪಾಠದಲ್ಲಿ ನಾನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಿದ್ದ ಅಕ್ಷಾಂಶದ ವ್ಯತ್ಯಾಸವನ್ನು ಮೈಮೇಲೆ ಅನುಭವಿಸಲು ಮೂರು ದಿನ ಹಿಡಿಯಿತು.

ಕಟ್ರಾದಲ್ಲಿ ರೈಲು ಬದಲಿಸಬೇಕು. ಅಲ್ಲಿಂದ ಶ್ರೀನಗರಕ್ಕೆ ವಂದೇ ಭಾರತ್ ರೈಲಿನ ಸಂಚಾರ ಆರಂಭವಾದದ್ದು 2025ರ ಜೂನ್ 6ರಂದು. ಉಧಂಪುರದಿಂದ ಬಾರಾಮುಲ್ಲಾದವರೆಗಿನ 272 ಕಿಲೋಮೀಟರುಗಳ ಈ ಮಾರ್ಗವು ಒಮ್ಮೆಲೇ ಸಿದ್ಧವಾದುದಲ್ಲ. 2008ರಲ್ಲಿ ಕಣಿವೆಯೊಳಗಿನ ಒಂದು ತುಂಡು, 2013ರಲ್ಲಿ ಪೀರ್ ಪಂಜಾಲ್ ಪರ್ವತದಡಿಯ 11 ಕಿಲೋಮೀಟರುಗಳಿಗೂ ಮಿಕ್ಕಿದ ಸುರಂಗ, 2014ರಲ್ಲಿ ಕಟ್ರಾದವರೆಗಿನ ತುಂಡು, ಹೀಗೆ ಬಿಡಿಬಿಡಿಯಾಗಿ ಹೊಲಿದು ಕೊನೆಗೆ ಒಂದಾಗಿಸಿದ್ದು. ಚೆನಾಬ್ ನದಿಯ ಮೇಲಿನ ಕಮಾನು ಸೇತುವೆ ನದೀಪಾತ್ರದಿಂದ 359 ಮೀಟರ್ ಎತ್ತರದಲ್ಲಿದೆ. ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕಿಂತಲೂ ಎತ್ತರ. ರೈಲು ಅದರ ಮೇಲೆ ಸಾಗುವಾಗ ಬೋಗಿಯಲ್ಲಿ ಯಾರೂ ಮಾತನಾಡಲಿಲ್ಲ. ಪೀರ್ ಪಂಜಾಲ್ ಸುರಂಗವನ್ನು ಪ್ರವೇಶಿಸುವಾಗ ಹೊರಗೆ ಬರಿಯ ಕಲ್ಲುಬೆಟ್ಟಗಳಿದ್ದುವು. ಹೊರಬಂದಾಗ ಗದ್ದೆ, ಮಾಡು, ಮರ ಎಲ್ಲವೂ ಬಿಳಿ. ನನ್ನಾಕೆ ಕೈಮುಗಿದಳು. ಹಿಂದೆ ಹಿಮ ಬಿದ್ದಾಗ ದಿನಗಟ್ಟಲೆ ಮುಚ್ಚಿಹೋಗುತ್ತಿದ್ದ ಹೆದ್ದಾರಿಯನ್ನು ನಂಬಿ ಹೊರಡಬೇಕಾಗಿದ್ದ ದಾರಿಯನ್ನು ನಾವು ಮೂರು ಗಂಟೆಗಳಲ್ಲಿ ಕ್ರಮಿಸಿದ್ದೆವು.

ಶ್ರೀನಗರದಿಂದ ಗುಲ್ಮಾರ್ಗಿಗೆ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್. ಕೊನೆಯ ಹಂತದಲ್ಲಿ, ಟಂಗ್‌ಮಾರ್ಗಿನಿಂದ ಮೇಲಕ್ಕೆ, ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತಿದ ಜೀಪಿನಲ್ಲಿ ಹತ್ತಬೇಕು. ಗುಲ್ಮಾರ್ಗ್ ಎಂದರೆ ಹೂಗಳ ಬಯಲು ಎಂದರ್ಥ. ಬೇಸಗೆಯಲ್ಲಿ ಹೂವರಳುವ ಆ ವಿಶಾಲ ಬಯಲೇ ಚಳಿಗಾಲದಲ್ಲಿ ಹಿಮಕ್ರೀಡೆಯ ಅಂಗಳವಾಗುತ್ತದೆ. ಬ್ರಿಟಿಷ್ ಅಧಿಕಾರಿಗಳು 1927ರಷ್ಟು ಹಿಂದೆಯೇ ಇಲ್ಲಿ ಸ್ಕೀ ಸಂಘವೊಂದನ್ನು ಸ್ಥಾಪಿಸಿದ್ದರು. ಈಗ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ತರಬೇತಿ ಸಂಸ್ಥೆಯೂ ಇದೆ. ಬಾಡಿಗೆಗೆ ಸಲಕರಣೆ ಕೊಡುವ ಅಂಗಡಿಗಳೂ, ಕಲಿಸುವ ಸ್ಥಳೀಯ ತರುಣರೂ ಇದ್ದಾರೆ. ಎರಡು ಹಂತಗಳ ತೂಗುತೊಟ್ಟಿಲು ಅಫರ್ವತ್ ಪರ್ವತದ ಭುಜದವರೆಗೆ ಏರುತ್ತದೆ. ಅದು ಬಲ್ಲವರಿಗೆ. ಹೊಸಬರಿಗೆ ಕೆಳಗಿನ ಬಯಲಿನ ಅಂಚಿನಲ್ಲಿರುವ, ನಮ್ಮ ಶಾಲೆಯ ಮೈದಾನದ ಏರಿಗಿಂತ ಹೆಚ್ಚೇನೂ ಕಡಿದಲ್ಲದ ಇಳಿಜಾರುಗಳೇ ಸಾಕು.

ನಮಗೆ ಗುರುವಾಗಿ ದೊರೆತವನು ಇಪ್ಪತ್ತೈದರ ಆಸುಪಾಸಿನ ಕಾಶ್ಮೀರಿ ಯುವಕ. ನನ್ನ ಹಳೆಯ ವಿದ್ಯಾರ್ಥಿಗಳ ಪ್ರಾಯ. ನಾನು ಅಧ್ಯಾಪಕನೆಂದು ತಿಳಿದ ಮೇಲೆ ಮಾಸ್ಟರ್‌ಜೀ ಎಂದು ಕರೆಯತೊಡಗಿದ. ಮೊಣಕಾಲಿನ ಕೆಳಗೆಲ್ಲ ಬಿಗಿಯುವ ಗಟ್ಟಿ ಬೂಟು ತೊಡಿಸಿ, ಅದನ್ನು ಹಲಗೆಗೆ ಸಿಕ್ಕಿಸಿ, ಕೈಗೆರಡು ಕೋಲು ಕೊಟ್ಟು ನಿಲ್ಲಿಸಿದ. ಜಾರುವ ಕ್ರಮವನ್ನು ಹೇಳಿಕೊಡುವನೆಂದು ನಾನು ಕಾದೆ.

‘ಮೊದಲು ಬೀಳಿ, ಮಾಸ್ಟರ್‌ಜೀ’ ಎಂದ.

ನನ್ನ ಹರಕುಮುರುಕು ಹಿಂದಿಯಲ್ಲಿ ಏನೋ ತಪ್ಪಾಗಿ ಅರ್ಥವಾಗಿರಬೇಕೆಂದುಕೊಂಡು ಮತ್ತೊಮ್ಮೆ ಕೇಳಿದೆ. ತಪ್ಪಿರಲಿಲ್ಲ. ಪಕ್ಕಕ್ಕೆ, ಏರಿನ ಬದಿಗೆ, ಸೊಂಟವನ್ನು ತಗ್ಗಿಸಿ ಬೀಳಬೇಕು. ಕೈಯನ್ನು ಊರಬಾರದು, ಊರಿದರೆ ಮಣಿಕಟ್ಟು ಹೋದೀತು. ಬಿದ್ದ ಮೇಲೆ ಅವಸರಿಸದೆ, ಹಲಗೆಗಳೆರಡನ್ನೂ ದೇಹಕ್ಕಿಂತ ಕೆಳಗೆ, ಇಳಿಜಾರಿಗೆ ಅಡ್ಡಲಾಗಿ ತಂದುಕೊಂಡು ಏಳಬೇಕು. ಜೋರಾಗಿ ಬಿದ್ದರೆ ಬೂಟು ಹಲಗೆಯಿಂದ ತಾನಾಗಿಯೇ ಕಳಚಿಕೊಳ್ಳುವ ಏರ್ಪಾಡೂ ಇದೆ. ಅರ್ಧ ಗಂಟೆ ಬರಿಯ ಬೀಳುವುದು, ಏಳುವುದು. ಅಷ್ಟು ಹೊತ್ತಿಗೆ ಬಿದ್ದರೇನಾದೀತೆಂಬ ಭಯವು ಮುಕ್ಕಾಲು ಪಾಲು ಕರಗಿಹೋಗಿತ್ತು. ಬೀಳುವುದರಲ್ಲಿ ಹೊಸತೇನೂ ಉಳಿದಿರಲಿಲ್ಲ.

ಅನಂತರವೇ ಜಾರುವ ಪಾಠ. ಹಲಗೆಗಳ ಮೂತಿಗಳನ್ನು ಹತ್ತಿರ ತಂದು ಬಾಲಗಳನ್ನು ಅಗಲಿಸಿದರೆ ಗುಡಿಸಲಿನ ಮಾಡಿನಂತಹ ಆಕಾರವಾಗುತ್ತದೆ. ವೇಗವು ಕುಗ್ಗಿ ನಿಲ್ಲಲು ಸಾಧ್ಯವಾಗುತ್ತದೆ. ಇದನ್ನು ಸ್ನೋ ಪ್ಲೋ, ಅಂದರೆ ಹಿಮದ ನೇಗಿಲು, ಎನ್ನುತ್ತಾರೆ. ಇನ್ನೊಂದು ನಿಯಮ ಮಾತ್ರ ಬಹಳ ವಿಚಿತ್ರ. ಇಳಿಯುವಾಗ ಭಯದಿಂದ ನಾವು ಸಹಜವಾಗಿಯೇ ಹಿಂದಕ್ಕೆ ವಾಲುತ್ತೇವೆ. ವಾಲಿದೊಡನೆ ಹಲಗೆಯ ಮುಂಭಾಗ ಹಗುರವಾಗಿ ಅಂಕೆ ತಪ್ಪುತ್ತದೆ. ಯಾವ ಇಳಿಜಾರಿಗೆ ಹೆದರುತ್ತೇವೆಯೋ ಅದರ ಕಡೆಗೇ ಎದೆಯನ್ನು ಬಾಗಿಸಬೇಕು. ಇದು ಬುದ್ಧಿಗೆ ಒಂದು ನಿಮಿಷದಲ್ಲಿ ತಿಳಿಯಿತು; ಕಾಲಿಗೆ ತಿಳಿಯಲು ಎರಡು ದಿನ ಬೇಕಾಯಿತು. ಚಳಿಗಾಲದ ರಜೆಯಲ್ಲಿದ್ದ ಅಲ್ಲಿನ ಪುಟ್ಟ ಮಕ್ಕಳು ನನ್ನ ಎಡಬಲದಲ್ಲಿ ಬಾಣದಂತೆ ಸಾಗುತ್ತಿದ್ದರು. ಎರಡನೆಯ ದಿನ ನಾನು ಎಂಟನೆಯ ಸಲ ಬಿದ್ದಾಗ ಅವರಲ್ಲಿ ಒಬ್ಬ ಹುಡುಗ ನಕ್ಕ. ಸುತ್ತಲಿನವರೂ ನಕ್ಕರು. ಕೆಡುಕಿನ ನಗುವಲ್ಲ. ಆದರೂ ನನಗೆ ಮೇಲೇಳಲು ಮನಸ್ಸಾಗಲಿಲ್ಲ. ಹಲಗೆ ಬಿಚ್ಚಿ ಕೋಣೆಗೆ ಹೋಗಿಬಿಡೋಣವೆನಿಸಿತು.

ಆ ಹಿಮದ ಮೇಲೆ ನನಗೆ ನೆನಪಾದದ್ದು ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಒಬ್ಬ ಹುಡುಗ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಗಡಿನಾಡಿನ ಮಕ್ಕಳ ಈ ಮೂರು ದಾರಿಗಳನ್ನು ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಕ್ರಿಸ್‌ಮಸ್ ರಜೆಗೆ ಮುಂಚೆ ಒಂದು ದಿನ ಅವನು ಗಟ್ಟಿಯಾಗಿ ಓದುತ್ತಿರುವಾಗ ಒತ್ತಕ್ಷರವೊಂದರಲ್ಲಿ ತಡವರಿಸಿ ತಪ್ಪಾಗಿ ಉಚ್ಚರಿಸಿದ. ತರಗತಿ ಗೊಳ್ಳೆಂದು ನಕ್ಕಿತು. ನಾನು ಗದರಿಸಿ ಸುಮ್ಮನಾಗಿಸಿದೆನಾದರೂ ಅದಕ್ಕೆ ಮೊದಲು ನನ್ನ ತುಟಿಯಲ್ಲೂ ಒಂದು ನಗೆ ಸುಳಿದುಹೋಗಿತ್ತು. ಹುಡುಗ ಅದನ್ನು ಕಂಡ. ಆ ದಿನದಿಂದ ಅವನು ಓದಲು ಎದ್ದು ನಿಲ್ಲುತ್ತಾನೆ, ಪುಸ್ತಕ ಹಿಡಿಯುತ್ತಾನೆ, ಬಾಯಿ ಮಾತ್ರ ತೆರೆಯುವುದಿಲ್ಲ. ‘ಕಲಿಕೆಯಲ್ಲಿ ಆಸಕ್ತಿಯಿಲ್ಲ’ ಎಂದು ನನ್ನ ಪುಸ್ತಕದಲ್ಲಿ ಬರೆದಿಟ್ಟು ರೈಲು ಹತ್ತಿದ್ದೆ.

ಮೂವತ್ತು ವರ್ಷಗಳಿಂದ ಕಲಿಸುತ್ತಿದ್ದೇನೆ. ಆದರೆ ಪೂರ್ತಿ ಹೊಸತಾದ ಒಂದನ್ನು, ಇತರರ ಕಣ್ಣೆದುರಿನಲ್ಲಿ, ತಪ್ಪುತ್ತ ತಪ್ಪುತ್ತ ನಾನು ಕಲಿಯದೆ ಎಷ್ಟು ವರ್ಷಗಳಾಗಿರಬಹುದು? ಲೆಕ್ಕ ಸಿಗಲಿಲ್ಲ.

ಯುವಕ ಬಂದು ಕೈಕೊಡಲಿಲ್ಲ; ಪಕ್ಕದಲ್ಲಿ ತಾನೂ ಧೊಪ್ಪನೆ ಬಿದ್ದ. ‘ಈಗ ಇಬ್ಬರೂ ಏಳೋಣ’ ಎಂದ. ಎದ್ದೆವು. ನಕ್ಕಿದ್ದ ಹುಡುಗ ಉರುಳಿಹೋಗಿದ್ದ ನನ್ನ ಕೋಲನ್ನು ತಂದುಕೊಟ್ಟ.

ಈ ಕ್ರಮಬದ್ಧ ಬೋಧನೆಯ ಮೂಲವನ್ನು ಹುಡುಕಿದರೆ ಆಸ್ಟ್ರಿಯಾ ದೇಶದ ಹಾನ್ನೆಸ್ ಷ್ನೈಡರ್ ಎಂಬ ಗುರುವಿನ ಹೆಸರು ಸಿಗುತ್ತದೆ. 1890ರಲ್ಲಿ ಆರ್ಲ್‌ಬರ್ಗ್ ಪರ್ವತಪ್ರದೇಶದಲ್ಲಿ ಹುಟ್ಟಿದ ಅವನು, ರೈಲುಮಾರ್ಗದ ಬದಿಯಲ್ಲೇ ಇರುವ ಸಾಂಕ್ಟ್ ಆಂಟೋನ್ ಗ್ರಾಮದಲ್ಲಿ, ಹಿಮದ ನೇಗಿಲಿನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲಾಗಿ ತಿರುವುಗಳನ್ನು ಕಲಿಸುವ ಪದ್ಧತಿಯನ್ನು ರೂಪಿಸಿದ. ಸರಳದಿಂದ ಸಂಕೀರ್ಣದೆಡೆಗೆ ಎಂದು ನಾವು ಅಧ್ಯಾಪಕ ತರಬೇತಿಯಲ್ಲಿ ಬಾಯಿಪಾಠ ಮಾಡಿದ ಸೂತ್ರವೇ ಅದು. 1938ರಲ್ಲಿ ನಾಜಿಗಳು ಅವನನ್ನು ಸೆರೆಹಿಡಿದರು. ಬಿಡುಗಡೆಯಾದ ಬಳಿಕ 1939ರ ಫೆಬ್ರವರಿಯಲ್ಲಿ ಅವನು ಅಮೆರಿಕದ ನಾರ್ತ್ ಕಾನ್ವೇ ಎಂಬ ಊರಿನಲ್ಲಿ ರೈಲಿನಿಂದಿಳಿದಾಗ ಅಲ್ಲಿನ ಮಕ್ಕಳು ಸ್ಕೀ ಕೋಲುಗಳನ್ನು ಎತ್ತಿ ಹಿಡಿದು ಕಮಾನು ಕಟ್ಟಿ ಬರಮಾಡಿಕೊಂಡರಂತೆ. ಅಧ್ಯಾಪಕನೊಬ್ಬನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಯಾವುದಿದ್ದೀತು!

ನಾಲ್ಕನೆಯ ದಿನ ನಾನು ಆ ಚಿಕ್ಕ ಇಳಿಜಾರನ್ನು ಬೀಳದೆ ಇಳಿದು, ಬಯಸಿದ ಜಾಗದಲ್ಲೇ ನಿಂತೆ. ಮಗಳು ನನಗಿಂತ ಎರಡು ದಿನ ಮೊದಲೇ ಅಷ್ಟನ್ನು ಸಾಧಿಸಿ ಮುಂದೆ ಹೋಗಿದ್ದಳು. ನನ್ನಾಕೆ ಕೆಂಡ ತುಂಬಿದ ಕಾಂಗ್ರಿಯನ್ನು ಮಡಿಲಲ್ಲಿಟ್ಟುಕೊಂಡು, ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹವನ್ನು ಅನುಮಾನದಿಂದಲೇ ಗುಟುಕರಿಸುತ್ತ ಇದಕ್ಕೆಲ್ಲ ಸಾಕ್ಷಿಯಾಗಿದ್ದಳು.

ಹೋಗಬಯಸುವ ವಾಚಕರಿಗೆ ಕೆಲವು ಸೂಚನೆಗಳು. ಜನವರಿಯ ನಡುವಿನಿಂದ ಫೆಬ್ರವರಿಯ ಕೊನೆಯವರೆಗೆ ತಕ್ಕ ಕಾಲ. ಆದರೆ ಹಿಮವನ್ನು ನಂಬುವಂತಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬರಿದಾಗಿತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮದ ಕೊರತೆಯಿಂದಾಗಿ ಮಾರ್ಚಿಗೆ ಮುಂದೂಡಬೇಕಾಯಿತು. ಆದುದರಿಂದ ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇರಲಿ. ಸಲಕರಣೆ ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತದೆ. ಬೂಟು ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯಬೇಕು, ಬೆರಳು ಮಾತ್ರ ಆಡುವಂತಿರಬೇಕು. ತಲೆಗೆ ಶಿರಸ್ತ್ರಾಣ, ಕಣ್ಣಿಗೆ ಕಪ್ಪು ಕನ್ನಡಕ ಅನಿವಾರ್ಯ. ಹಿಮದಿಂದ ಪ್ರತಿಫಲಿಸುವ ಬಿಸಿಲೂ ಚರ್ಮವನ್ನು ಸುಡುತ್ತದೆ. ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ದಿನಾಲೂ ಗುಡ್ಡ ಹತ್ತಿಳಿದು ಮೊಣಕಾಲನ್ನು ಗಟ್ಟಿಮಾಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಗುರುತು ಮಾಡಿದ ಇಳಿಜಾರನ್ನು ಬಿಟ್ಟು ಹೋಗದಿರಿ. 2010ರ ಫೆಬ್ರವರಿಯಲ್ಲಿ ಇದೇ ಗುಲ್ಮಾರ್ಗಿನಲ್ಲಿ ಹಿಮಪಾತಕ್ಕೆ ಸಿಕ್ಕಿ 17 ಮಂದಿ ಸೈನಿಕರು ಪ್ರಾಣ ಕಳೆದುಕೊಂಡರು. ಪರ್ವತವನ್ನು ಬಲ್ಲವರನ್ನೂ ಪರ್ವತ ಬಿಡುವುದಿಲ್ಲ.

ಊರಿಗೆ ಮರಳಿದ ಮರುದಿನವೇ ಶಾಲೆಗೆ ಹೋದೆ. ನಾಲ್ಕನೆಯ ತರಗತಿಯಲ್ಲಿ ಹಿಮದ ಕಥೆ ಹೇಳಿ, ಮುಖ್ಯೋಪಾಧ್ಯಾಯರು ಹೇಗೆ ಬಿದ್ದರೆಂಬುದನ್ನು ನೆಲದ ಮೇಲೆ ಬಿದ್ದೇ ತೋರಿಸಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹುಡುಗನೂ ನಕ್ಕ. ಬಳಿಕ ಒಂದು ಹೊಸ ನಿಯಮ ಮಾಡಿದೆ. ಓದಲು ಎದ್ದವರು ಮೊದಲ ವಾಕ್ಯದಲ್ಲಿ ಬೇಕೆಂದೇ ಒಂದು ತಪ್ಪು ಮಾಡಬೇಕು. ಅನಂತರ ತಾವೇ ತಿದ್ದಿ ಓದಬೇಕು. ತರಗತಿಯ ಜಾಣ ಹುಡುಗಿಗೆ ತಪ್ಪು ಮಾಡುವುದೇ ಬಲು ಕಷ್ಟವಾಯಿತು.

ಹುಡುಗ ಮೊದಲ ಮೂರು ದಿನ ಎದ್ದು ನಿಂತು ಸುಮ್ಮನೇ ಕುಳಿತ. ನಾನೂ ಒತ್ತಾಯಿಸಲಿಲ್ಲ. ನಾಲ್ಕನೆಯ ದಿನ ಎರಡು ಸಾಲು ಓದಿದ. ನಾಲ್ಕು ಕಡೆ ತಪ್ಪಿದ. ಅವುಗಳಲ್ಲಿ ಬೇಕೆಂದು ಮಾಡಿದ ತಪ್ಪು ಯಾವುದೆಂದು ಯಾರಿಗೂ ತಿಳಿಯಲಿಲ್ಲವಾದುದರಿಂದ ಯಾರೂ ನಗಲಿಲ್ಲ. ಮೂರನ್ನು ಅವನೇ ತಿದ್ದಿಕೊಂಡ. ಒಂದು ಒತ್ತಕ್ಷರ ಮಾತ್ರ ಇನ್ನೂ ಹಾಗೆಯೇ ಇದೆ.

ಆ ಸಂಜೆ ನನ್ನ ಪುಸ್ತಕವನ್ನು ತೆರೆದು ‘ಕಲಿಕೆಯಲ್ಲಿ ಆಸಕ್ತಿಯಿಲ್ಲ’ ಎಂಬ ಸಾಲಿಗೆ ಗೆರೆ ಎಳೆದೆ. ಬೇಕೆಂದು ಮಾಡಿದ ತಪ್ಪಲ್ಲ ಅದು. ಆದರೆ ತಿದ್ದಬೇಕಾದವನು ನಾನೇ ಆಗಿದ್ದೆ.