ಆಕಾಶದಲ್ಲಿ ಹೊತ್ತು ಹೋಗುವ ಬಗೆ

ಮಾನವನು ರೆಕ್ಕೆ ಕಟ್ಟಿಕೊಂಡು ನೆಲವನ್ನು ಬಿಟ್ಟೆದ್ದದ್ದು 1903ರಲ್ಲಿ. ಯುಗಯುಗಗಳಿಂದ ಹಕ್ಕಿಯನ್ನು ಕಂಡು ಕರುಬುತ್ತಿದ್ದ ಈ ಜೀವಿಗೆ ಅಂಥ ಸಿದ್ಧಿ ಲಭಿಸಿದ ಮೇಲೆ, ನೂರು ವರ್ಷವಾದರೂ ಅವನು ಕಿಟಕಿಯಿಂದ ಮುಖ ತೆಗೆಯಲಾರನೆಂದು ಯಾರಾದರೂ ಊಹಿಸಬಹುದಾಗಿತ್ತು. ಆದದ್ದೇ ಬೇರೆ. ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ, 1921ರ ಆಗಸ್ಟಿನಲ್ಲಿ, ಅಮೆರಿಕಾದ ಶಿಕಾಗೊ ನಗರದಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೆಯುತ್ತಿದ್ದಾಗ, ಏರೋಮೆರೀನ್ ಎಂಬ ಸಂಸ್ಥೆಯವರು ನೀರಿನ ಮೇಲಿಳಿಯುವ ತಮ್ಮ ವಿಮಾನದೊಳಗೆ ಪರದೆ ಕಟ್ಟಿ ಪ್ರಯಾಣಿಕರಿಗೆ ಚಲಚ್ಚಿತ್ರ ತೋರಿಸಿದರು. ಚಿತ್ರದ ಹೆಸರು 'ಹೌಡಿ ಶಿಕಾಗೊ'. ವಿಷಯ, ಶಿಕಾಗೊ ನಗರ. ವಿಮಾನ ಹಾರುತ್ತಿದ್ದದ್ದು ಶಿಕಾಗೊ ನಗರದ ಮೇಲೆಯೇ! ಕೆಳಗೆ ಊರು ಸಾಕ್ಷಾತ್ತಾಗಿ ಹರಡಿಕೊಂಡಿರಲು, ಜನ ಅದರ ಚಿತ್ರವನ್ನು ನೋಡುತ್ತ ಕುಳಿತರು. ವಿಮಾನದ ಮನರಂಜನೆಯ ಜಾತಕವೆಲ್ಲ ಈ ಮೊದಲ ಪ್ರದರ್ಶನದಲ್ಲಿಯೇ ಬರೆದಿತ್ತೆಂದು ನನಗೆ ತೋರುತ್ತದೆ.

1925ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಏರ್‌ವೇಸ್‌ನವರು ಲಂಡನ್ನಿನಿಂದ ಹೊರಟ ವಿಮಾನವೊಂದರಲ್ಲಿ 'ದಿ ಲಾಸ್ಟ್ ವರ್ಲ್ಡ್' ಎಂಬ ಚಿತ್ರವನ್ನು ತೋರಿಸಿದರು. ಅದು ಮೂಕಿಚಿತ್ರ, ಎಂಜಿನ್ನಿನ ಆರ್ಭಟದಲ್ಲಿ ಮಾತು ಕೇಳಿಸದೆಂಬ ಚಿಂತೆ ಇರಲಿಲ್ಲ. ಆ ಕಾಲದ ಫಿಲ್ಮಾದರೋ ಸುಲಭವಾಗಿ ಹೊತ್ತಿಕೊಳ್ಳುವಂಥದು. ಬೇಸರ ಕಳೆಯಲು ಮನುಷ್ಯ ಬೆಂಕಿಯನ್ನೂ ಲೆಕ್ಕಿಸುವುದಿಲ್ಲ.

ಇವೆಲ್ಲ ಜಾತ್ರೆಯ ಆಟಗಳು. ನಿತ್ಯದ ವ್ಯವಸ್ಥೆಯಾಗಿ ಸಿನಿಮಾ ಆಕಾಶಕ್ಕೇರಿದ್ದು 1961ರ ಜುಲೈ 19ರಂದು, ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೊರಟ ಟಿ.ಡಬ್ಲ್ಯೂ.ಎ. ಸಂಸ್ಥೆಯ ವಿಮಾನದಲ್ಲಿ, ಅದೂ ಮೊದಲ ದರ್ಜೆಯವರಿಗೆ ಮಾತ್ರ. ಇದನ್ನು ಸಾಧಿಸಿದವರು ಡೇವಿಡ್ ಫ್ಲೆಕ್ಸರ್ ಎಂಬ ಚಿತ್ರಮಂದಿರಗಳ ಮಾಲೀಕರು. ಅಮೆರಿಕಾದಲ್ಲಿ ಆಗ ವಿಮಾನದ ದರವನ್ನು ಕಟ್ಟುತ್ತಿದ್ದದ್ದು ಸರ್ಕಾರ. ಒಂದು ಸಂಸ್ಥೆ ಇನ್ನೊಂದಕ್ಕಿಂತ ಹತ್ತು ಡಾಲರು ಕಡಮೆಗೆ ಟಿಕೇಟು ಮಾರುವಂತಿರಲಿಲ್ಲ. ಹಾರುವ ಜೆಟ್ ವಿಮಾನಗಳೂ ಹೆಚ್ಚು ಕಡಮೆ ಒಂದೇ ಬಗೆಯವು. ಬೆಲೆಯಲ್ಲಿ ಸ್ಪರ್ಧಿಸಲಾಗದ ವ್ಯಾಪಾರಿ ಉಪಚಾರದಲ್ಲಿ ಸ್ಪರ್ಧಿಸುತ್ತಾನೆ. ನಮ್ಮ ಜವಳಿ ಅಂಗಡಿಗಳಲ್ಲಿ ಮೊದಲು ತಂಪು ಪಾನೀಯ ಬಂದು, ಆಮೇಲೆ ಸೀರೆ ಬರುವುದಿಲ್ಲವೆ? ಸಿನಿಮಾ ಆ ತಂಪು ಪಾನೀಯವಾಗಿತ್ತು. 1963ರಲ್ಲಿ ಕಿವಿಗೆ ಪೊಳ್ಳು ನಳಿಗೆಗಳು ಬಂದುವು. ವಿದ್ಯುತ್ತಿನ ಹಂಗಿಲ್ಲದೆ ಗಾಳಿಯೇ ಧ್ವನಿಯನ್ನು ಹೊತ್ತು ತರುತ್ತಿತ್ತು. ವೈದ್ಯರ ಎದೆದರ್ಶಕದಂಥ ನಳಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಸಾಲು ಸಾಲಾಗಿ ಕುಳಿತ ಗಂಭೀರ ಮಹನೀಯರನ್ನು ಓದುಗರು ಊಹಿಸಿಕೊಳ್ಳಲಿ!

ಅಮೆರಿಕಾದಲ್ಲಿ 1978ರಲ್ಲಿ ದರದ ಕಟ್ಟು ಸಡಿಲವಾಯಿತು. ಅಗ್ಗದ ಟಿಕೇಟಿಗಾಗಿ ಜನ ತಂಪು ಪಾನೀಯವನ್ನು ಮಾತ್ರವಲ್ಲ, ಊಟವನ್ನೂ ಬಿಡಲು ಸಿದ್ಧರೆಂಬುದು ಕಾಲಕ್ರಮದಲ್ಲಿ ಸಿದ್ಧವಾಯಿತು. ಈ ಪಾಠವನ್ನು ನಮ್ಮ ದೇಶಕ್ಕೆ ಕಲಿಸಿದ ಊರು ಬೆಂಗಳೂರು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರು ಇಲ್ಲಿಂದ ಆರಂಭಿಸಿದ ಏರ್ ಡೆಕ್ಕನ್ ವಿಮಾನಗಳಲ್ಲಿ ಪರದೆಯ ಮಾತು ಹಾಗಿರಲಿ, ತಿಂಡಿಗೂ ಹಣ ಕೊಡಬೇಕಾಗಿತ್ತು. ಜನ ಮುಗಿಬಿದ್ದರು. ಎರಡೇ ವರ್ಷಗಳಲ್ಲಿ ಇದೇ ಊರಿನಿಂದ ಕಿಂಗ್‌ಫಿಷರ್ ಎಂಬ ಇನ್ನೊಂದು ಸಂಸ್ಥೆ ಆಸನದ ಬೆನ್ನಿಗೆಲ್ಲ ಪರದೆ ತೊಡಿಸಿ ಹೊರಟಿತು. ಪರದೆಯಿಲ್ಲದ್ದನ್ನು ಪರದೆಯುಳ್ಳದ್ದು ನುಂಗಿತು. 2012ರಲ್ಲಿ ನುಂಗಿದ್ದೂ ಹಾರಾಟವನ್ನು ನಿಲ್ಲಿಸಿತು. ಪ್ರಯಾಣಿಕನಿಗೆ ಏನು ಬೇಕೆಂದು ತಿಳಿಯುವುದು ಅಷ್ಟು ಸುಲಭವಲ್ಲ.

ಬೆನ್ನಿನ ಪರದೆಗಳ ಯುಗ ಆರಂಭವಾದದ್ದು 1988ರಲ್ಲಿ, ಅಮೆರಿಕಾದ ನಾರ್ತ್‌ವೆಸ್ಟ್ ಸಂಸ್ಥೆಯ ವಿಮಾನದಲ್ಲಿ. ಪರದೆಯ ಅಳತೆ ಮೂರು ಅಂಗುಲಕ್ಕಿಂತ ಕಡಮೆ! ಅದುವರೆಗೆ ಎಲ್ಲರೂ ಒಂದೇ ಚಿತ್ರವನ್ನು ನೋಡಿ ಒಟ್ಟಿಗೆ ನಗುತ್ತಿದ್ದರು. ಇನ್ನು ಮುಂದೆ ಒಬ್ಬ ನಗುವಾಗ ಪಕ್ಕದವನು ಅಳುವ ಸೌಕರ್ಯ ಒದಗಿತು. ಸಂಸ್ಥೆಗಳಲ್ಲಿ ಪೈಪೋಟಿ ಹುಟ್ಟಿತು. ಚಿತ್ರ ನೂರಾಗಿ, ನೂರು ಸಾವಿರವಾಗಿ, ಜೂಜು ಸಹ ಬಂತು.

ಇಲ್ಲಿ ಒಂದು ದುರಂತವನ್ನು ನೆನೆಯದೆ ಮುಂದೆ ಹೋಗಲಾರೆ. 1998ರ ಸೆಪ್ಟೆಂಬರ್ 2ರ ರಾತ್ರಿ ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ ಸಂಸ್ಥೆಯ 111ನೆಯ ವಿಮಾನ ಕೆನಡಾದ ನೋವಾಸ್ಕೋಷಿಯಾ ತೀರದ ಬಳಿ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 229 ಜನರೂ ಅಳಿದರು. ಕೆನಡಾದ ತನಿಖೆಗಾರರು ನಾಲ್ಕು ವರ್ಷಗಳಿಗೂ ಮೀರಿ ಚೂರುಚೂರುಗಳನ್ನು ಜೋಡಿಸಿ ನೋಡಿದರು. ಚಾವಣಿಯ ಮೇಲಿನ ತಂತಿಗಳಲ್ಲಿ ಕಿಡಿ ಹಾರಿ, ಸುತ್ತಲಿನ ಹೊದಿಕೆ ಹೊತ್ತಿಕೊಂಡಿತ್ತು. ಕಿಡಿ ಹಾರಿದ ತಂತಿಗಳಲ್ಲಿ ಮನರಂಜನೆಯ ಯಂತ್ರಗಳಿಗೆ ವಿದ್ಯುತ್ತನ್ನು ಒಯ್ಯುವ ತಂತಿಯೂ ಇತ್ತು. ಅದೊಂದೇ ಮೂಲವೆಂದು ಅವರು ನಿರ್ಧರಿಸಿ ಹೇಳಲಿಲ್ಲ. ಆದರೆ ಅಪಾಯಕಾಲದಲ್ಲಿ ಕೋಣೆಯ ವಿದ್ಯುತ್ತನ್ನೆಲ್ಲ ಆರಿಸಲೆಂದು ಇದ್ದ ಗುಂಡಿಗೆ ಈ ಯಂತ್ರಗಳು ಅಧೀನವಾಗಿರಲಿಲ್ಲವೆಂಬುದು ಬಯಲಾಯಿತು. ಸ್ವಿಸ್‌ಏರ್ ಆ ವರ್ಷವೇ ಆ ವ್ಯವಸ್ಥೆಯನ್ನು ಸ್ಥಗಿತಗೊಳಿಸಿತು. ವಿಮಾನದಲ್ಲಿ ಒಂದು ಗೇಣು ತಂತಿಯೂ ಕೇವಲ ವಿನೋದವಲ್ಲ.

ಈಗಿನ ಸುದ್ದಿ ಬೇರೆ ತೆರನಾದದ್ದು. ಪ್ರತಿಯೊಬ್ಬನ ಜೇಬಿನಲ್ಲಿಯೂ ಒಂದು ಪರದೆಯಿರುವಾಗ ಆಸನದ ಬೆನ್ನಿಗೆ ಮತ್ತೊಂದೇಕೆ? ಅಷ್ಟು ತೂಕ, ಅಷ್ಟು ಇಂಧನ, ಅಷ್ಟು ದುರಸ್ತಿ! ಹೀಗೆಂದು ಬಗೆದು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ತನ್ನ ಹೊಸ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಲ್ಲಿ ಪರದೆಗಳನ್ನು ಇಡುವುದಿಲ್ಲವೆಂದು 2017ರಲ್ಲಿ ಸಾರಿತು. ಯುನೈಟೆಡ್ ಸಂಸ್ಥೆ 2021ರಲ್ಲಿ ಇದಕ್ಕೆ ತದ್ವಿರುದ್ಧವಾಗಿ, ತನ್ನ ಹೊಸ ವಿಮಾನಗಳ ಆಸನಕ್ಕೆಲ್ಲ ಪರದೆ ಎಂದಿತು. ಇಬ್ಬರೂ ಪ್ರಯಾಣಿಕನ ಇಚ್ಛೆಯನ್ನೇ ಮುಂದಿಟ್ಟರು. ಈ ನಡುವೆ ಅಂತರಿಕ್ಷದಿಂದ ಅಂತರ್ಜಾಲವೂ ಇಳಿದುಬಂದಿದೆ. 2024ರಿಂದ ಹವಾಯಿಯನ್, ಕತಾರ್ ಮೊದಲಾದ ಸಂಸ್ಥೆಗಳು ಸ್ಟಾರ್‌ಲಿಂಕ್ ಉಪಗ್ರಹಗಳ ನೆರವನ್ನು ಪಡೆದಿವೆ. ನಮ್ಮ ಏರ್ ಇಂಡಿಯಾ 2025ರ ಮೊದಲ ದಿನದಿಂದ ಕೆಲವು ದೇಶೀಯ ವಿಮಾನಗಳಲ್ಲಿ ವೈಫೈ ತೆರೆಯಿತು. ಮೇಲಧಿಕಾರಿಯ ಕೈಗೆ ಸಿಗದೆ ಇರಬಹುದಾಗಿದ್ದ ಕೊನೆಯ ತಾಣವೂ ಹೋಯಿತೆಂದು ಗುಮಾಸ್ತ ಮಿತ್ರರು ನಿಟ್ಟುಸಿರು ಬಿಡುತ್ತಿದ್ದಾರೆ.

ಈ ತರ್ಕಗಳಲ್ಲೆಲ್ಲ ಪ್ರಯಾಣಿಕನೆಂದರೆ ಒಬ್ಬನೇ ವ್ಯಕ್ತಿ: ಮೂವತ್ತರ ತರುಣ, ಇಂಗ್ಲಿಷ್ ಬಲ್ಲವನು, ಕೈಯಲ್ಲಿ ಹೊಸ ಫೋನುಳ್ಳವನು. ನಮ್ಮ ಮನೆಗಳಿಂದ ಹೊರಡುವವರು ಅವರೊಬ್ಬರೇ ಅಲ್ಲ.

ನನ್ನ ಸಹೋದ್ಯೋಗಿಯೊಬ್ಬರ ತಾಯಿ ನಿವೃತ್ತ ಶಾಲಾಶಿಕ್ಷಕಿ. ಮಗಳ ಬಾಣಂತನಕ್ಕೆಂದು ಒಬ್ಬರೇ ಅಮೆರಿಕಾಕ್ಕೆ ಹೋಗಿಬಂದರು. ಅಷ್ಟು ಹೊತ್ತು ವಿಮಾನದಲ್ಲಿ ಏನು ನೋಡಿದಿರೆಂದು ನಾನು ಕೇಳಿದೆ.

"ಭೂಪಟ ನೋಡಿದೆ" ಎಂದರು.

"ಹದಿನಾರು ಹದಿನೇಳು ಗಂಟೆಯೂ?"

"ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವಳು ನಾನು. ಕಪ್ಪು ಸಮುದ್ರ, ಗ್ರೀನ್‌ಲೆಂಡು ಎಂದು ಕೋಲಿನಿಂದ ತೋರಿಸಿದ್ದೇ ತೋರಿಸಿದ್ದು. ಅವುಗಳ ಮೇಲೆ ಹೋಗುತ್ತಿದ್ದೇನೆಂದರೆ ನಿದ್ರೆ ಬರುತ್ತದೆಯೇ?"

ಸಾವಿರ ಚಿತ್ರಗಳ ಭಂಡಾರದಲ್ಲಿ ಅವರಿಗೆ ಬೇಕಾಗಿದ್ದದ್ದು ಅದೊಂದೇ. ಅದನ್ನು ಸಹ ತೆರೆದುಕೊಟ್ಟವನು ಪಕ್ಕದ ಆಸನದ ಹುಡುಗ; ಪಟ್ಟಿಯಲ್ಲಿ ಹತ್ತಾರು ಭಾಷೆಗಳಿದ್ದುವಂತೆ, ಕನ್ನಡ ಇರಲಿಲ್ಲವಂತೆ. ಮರಳುವಾಗ ಒಂದು ಹಂತದ ವಿಮಾನದಲ್ಲಿ ಪರದೆಯೇ ಇರಲಿಲ್ಲ. ಎಲ್ಲವನ್ನೂ ನಿಮ್ಮ ಮೊಬೈಲಿನಲ್ಲಿ ನೋಡಿಕೊಳ್ಳಿರೆಂದು ಇಂಗ್ಲಿಷಿನಲ್ಲಿ ಪ್ರಕಟಣೆಯಾಯಿತು. ಅವರ ಮೊಬೈಲಿದ್ದದ್ದು ತಲೆಯ ಮೇಲಿನ ಪೆಟ್ಟಿಗೆಯಲ್ಲಿ, ಚೀಲದೊಳಗೆ, ಸೀರೆಗಳ ನಡುವೆ. ಇಳಿಸಿಕೊಡಿರೆಂದು ಕೇಳಲು ಸಂಕೋಚ. ದೀಪ ಆರಿದ ಮೇಲೆ, ಎಲ್ಲಿದ್ದೇವೆ, ಇನ್ನೆಷ್ಟು ಹೊತ್ತು ಎಂದು ತಿಳಿಯದೆ ರಾತ್ರಿಯೆಲ್ಲ ಕೈಗಡಿಯಾರವನ್ನು ನೋಡುತ್ತ ಕುಳಿತಿದ್ದರು. ಅದಾದರೋ ಅಮೆರಿಕಾದ ಗಂಟೆಯನ್ನು ತೋರಿಸುತ್ತಿತ್ತು.

ಚಲಿಸುವ ಭೂಪಟ ವಿಮಾನಗಳಿಗೆ ಬಂದದ್ದು 1980ರ ದಶಕದಲ್ಲಿ. ಅದರಲ್ಲಿ ಕಥೆಯಿಲ್ಲ, ನಾಯಕಿಯಿಲ್ಲ; ಪುಟ್ಟ ವಿಮಾನವೊಂದು ನೋಡನೋಡುತ್ತ ಅರ್ಧ ಅಂಗುಲ ತೆವಳುತ್ತದೆ. ಆದರೂ ಅದರ ಮುಂದೆ ಸಿನಿಮಾ ಸೋಲುವುದನ್ನು ನಾನು ಕಂಡಿದ್ದೇನೆ. 2024ರಲ್ಲಿ, ಸಿನಿಮಾ ಸಂಗೀತಗಳೊಂದೂ ಇಲ್ಲದೆ ಪ್ರಯಾಣದುದ್ದಕ್ಕೂ ಈ ಭೂಪಟವನ್ನೇ ದಿಟ್ಟಿಸುವುದು ಪಾಶ್ಚಾತ್ಯ ತರುಣರಲ್ಲಿ ಒಂದು ಶೋಕಿಯಾಗಿ ಹಬ್ಬಿತು. ನಮ್ಮ ಭೂಗೋಳದ ಶಿಕ್ಷಕಿಗೆ ಇದನ್ನು ತಿಳಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಕುಳಿತವನಿಗೆ ತಾನು ಮುಂದೆ ಸಾಗುತ್ತಿದ್ದೇನೆಂಬ ಭರವಸೆ ಮೊದಲು ಬೇಕು. ವಿನೋದ ಆಮೇಲಿನ ಮಾತು.

2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಬೆಂಗಳೂರುಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ, ಸ್ತ್ರೀಯರೇ ನಡೆಸಿ ತಂದದ್ದು, ಹಾರಿಬಂದಾಗ ಪತ್ರಿಕೆಗಳೆಲ್ಲ ಸಂಭ್ರಮಿಸಿದುವು. ಅಷ್ಟು ದೂರದ ದಾರಿಯಲ್ಲಿ ಮೊಮ್ಮಕ್ಕಳನ್ನು ಕಾಣಲು ಹೋಗುವ ಅಜ್ಜಅಜ್ಜಿಯರ ಸಂಖ್ಯೆ ಅಲ್ಪವಲ್ಲ. ಪರದೆ ಇರಲಿ ಹೋಗಲಿ ಎಂಬ ವಾದವನ್ನು ಸಂಸ್ಥೆಗಳು ತಮ್ಮ ಲೆಕ್ಕದ ಪುಸ್ತಕಗಳನ್ನು ನೋಡಿ ತೀರ್ಮಾನಿಸಿಕೊಳ್ಳಲಿ. ಮಂಗಳೂರಿಗೋ ಮುಂಬಯಿಗೋ ಹೋಗುವ ಗಂಟೆ ಒಂದೂವರೆ ಗಂಟೆಯ ದಾರಿಗೆ ಅದಿಲ್ಲದಿದ್ದರೆ ನಷ್ಟವೇನೂ ಇಲ್ಲ. ಕಿಟಕಿಯ ಹೊರಗೆ ಪಶ್ಚಿಮಘಟ್ಟವಿದೆ. ರಾತ್ರಿಯ ದೀರ್ಘಯಾನದಲ್ಲಿ ಮಾತ್ರ, ಯಾರ ನೆರವನ್ನೂ ಬೇಡದೆ, ಯಾವ ಗುಂಡಿಯನ್ನೂ ಒತ್ತದೆ ಕಾಣುವಂತೆ ಒಂದು ಭೂಪಟ ಉಳಿಯಬೇಕು. ಅದರ ಮೇಲೆ ಊರುಗಳ ಹೆಸರನ್ನೂ ಉಳಿದಿರುವ ಗಂಟೆಗಳನ್ನೂ ಕನ್ನಡದಲ್ಲಿ ಬರೆಯುವುದಕ್ಕೆ ಹೊಸ ಉಪಗ್ರಹವೇನೂ ಬೇಕಾಗದು. ಕೆಂಪೇಗೌಡ ವಿಮಾನನಿಲ್ದಾಣದಿಂದ ಏರುವ ವಿಮಾನಗಳಿಂದಲೇ ಈ ಕೆಲಸವನ್ನು ತೊಡಗಬಹುದು.